ಒಂದೇ ಬೇರಿನ ಎರಡು ಜೀಗುಜ್ಜೆ

ಪ್ರಶ್ನೆ: ಮಾಷ್ಟ್ರೇ, ಕಾಸರಗೋಡಿನ ಪೆರ್ಲದ ನಮ್ಮ ತೋಟದಲ್ಲಿ ಹಳೇ ಜೀಗುಜ್ಜೆ (ಬ್ರೆಡ್‌ಫ್ರೂಟ್) ಮರದ ಬೇರಿನಿಂದ ಎರಡು ಸಸಿ ಎದ್ದವು. ಒಂದನ್ನು ನಾವು ನೆಟ್ಟೆವು, ಇನ್ನೊಂದನ್ನು ಮಡಿಕೇರಿಯಲ್ಲಿರುವ ತಂಗಿ ಕೊಂಡುಹೋದಳು. ಏಳು ವರ್ಷವಾಯಿತು. ನಮ್ಮದು ಹಂಚಿನ ಮಾಡು ದಾಟಿ ಬೆಳೆದಿದೆ. ಅವಳದ್ದು ಆಳೆತ್ತರವೂ ಸರಿಯಾಗಿ ದಾಟಿಲ್ಲ. ಎಲೆ ಸಣ್ಣದು, ಮುಟ್ಟಿದರೆ ದಪ್ಪ. ಭಾವ ಮಾತ್ರ, "ನೀವು ಕೊಟ್ಟದ್ದು ಬೇರೆ ಜಾತಿ" ಅನ್ನುತ್ತಾರೆ. ಹೌದಾ?
— ಪೆರ್ಲದ ಓದುಗರು

ಉತ್ತರ: ಅಲ್ಲ. ಭಾವನಿಗೆ ಧೈರ್ಯವಾಗಿ ಹೇಳಿ. ನಮ್ಮ ಕಡೆಯ ಜೀಗುಜ್ಜೆಯಲ್ಲಿ ಬೀಜ ಇಲ್ಲ, ಹೆಚ್ಚಾಗಿ ಬೇರಿನ ಸಸಿಯಿಂದಲೇ ಬೆಳೆಸುವುದು. 1787ರಲ್ಲಿ ಹೊರಟ ಬ್ರಿಟಿಷರ ಬೌಂಟಿ ಹಡಗು ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಸಾವಿರಕ್ಕೂ ಹೆಚ್ಚು ಜೀಗುಜ್ಜೆ ಗಿಡಗಳನ್ನು ಕುಂಡದಲ್ಲಿಟ್ಟು ಸಾಗಿಸಬೇಕಾಯಿತು. ಬೀಜವನ್ನು ಚೀಲದಲ್ಲಿ ತುಂಬಿ ಒಯ್ಯುವ ಹಾಗಿರಲಿಲ್ಲ ನೋಡಿ. ಬೇರಿನ ಸಸಿ ಅಂದರೆ ತಾಯಿಮರದ್ದೇ ತುಂಡು. ಹಾಗಾಗಿ ನಿಮ್ಮದೂ ತಂಗಿಯದ್ದೂ ಎರಡು ಊರಲ್ಲಿ ನಿಂತ ಒಂದೇ ಮರ. ಇಂಥ ಜೋಡಿ ಸಿಗುವುದು ಅಪರೂಪ. ನಿಮ್ಮ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು.

ಜೀಗುಜ್ಜೆ ಸೆಕೆಯ ಮರ. 21ರಿಂದ 32 ಡಿಗ್ರಿ ಅದಕ್ಕೆ ಹಿತ. ಸಮುದ್ರಮಟ್ಟದಿಂದ ಸುಮಾರು 600 ಮೀಟರಿನವರೆಗೆ ಚೆನ್ನಾಗಿ ಬರುತ್ತದೆ. ನ್ಯೂಗಿನಿಯ ಬೆಟ್ಟಗಳಲ್ಲಿ 1,500 ಮೀಟರಿನ ಆಸುಪಾಸಿನಲ್ಲೂ ಇದೆ. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪು ಜಾಸ್ತಿ. ಈ ಮರಕ್ಕೆ ಅದು ದೊಡ್ಡ ವ್ಯತ್ಯಾಸ. ತಂಪಿಗೆ ಚಿಗುರು ನಿಧಾನ. ಗೆಣ್ಣು ಗೆಣ್ಣಿನ ನಡುವೆ ಅಂತರ ಕಡಿಮೆಯಾಗಿ ಗಿಡ ಗಿಡ್ಡಕ್ಕೆ ನಿಲ್ಲುತ್ತದೆ. ಎಳೆ ಎಲೆಯ ಕೋಶಗಳು ಪೂರ್ತಿ ಹಿಗ್ಗುವುದಿಲ್ಲ, ಎಲೆ ಸಣ್ಣದಾಗುತ್ತದೆ. ಬೆಟ್ಟದ ಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಅಗಲ ಎಲೆಯ ಮರಕ್ಕೆ ಗಾಳಿ ಶತ್ರು.

ಇನ್ನು ದಪ್ಪದ ವಿಷಯ. ಎಲೆಯನ್ನು ಅಡ್ಡಕ್ಕೆ ಕೊಯ್ದರೆ ಮೇಲ್ಸಿಪ್ಪೆಯ ಕೆಳಗೆ ಕಂಬದ ಹಾಗೆ ನಿಂತ ಹಸಿರು ಕೋಶಗಳ ಸಾಲು ಕಾಣುತ್ತದೆ. ಅದರ ಕೆಳಗೆ ಗಾಳಿ ಓಡಾಡುವ ಸಡಿಲ ಕೋಶಗಳು. ಉಸಿರಾಡುವ ಸಣ್ಣ ಬಾಯಿಗಳು ಎಲೆಯ ಅಡಿಭಾಗದಲ್ಲಿರುತ್ತವೆ. ಮೇಲಿನ ಊರುಗಳ ಗಿಡಗಳಲ್ಲಿ ಸಾಮಾನ್ಯವಾಗಿ ಈ ಕಂಬಕೋಶಗಳು ಉದ್ದವಾಗುತ್ತವೆ, ಕೆಲವೊಮ್ಮೆ ಒಂದು ಸಾಲು ಹೆಚ್ಚೇ ಇರುತ್ತದೆ. ತಂಗಿಯ ಬೆರಳಿಗೆ ಸಿಕ್ಕಿದ ದಪ್ಪ ಅದೇ ಇರಬೇಕು.

ಆದರೆ ಒಂದು ಎಚ್ಚರ ಬೇಕು. ನಾನು ಶಾಲೆಯಲ್ಲಿದ್ದಾಗ ಮಕ್ಕಳ ಜೊತೆ ಒಂದೇ ಜೀಗುಜ್ಜೆ ಮರದ ಎರಡು ಎಲೆ ಕೊಯ್ದು ನೋಡಿದ್ದೆ. ಒಂದು ತುದಿಯ ಬಿಸಿಲಿನದ್ದು, ಇನ್ನೊಂದು ಕೆಳಗಿನ ನೆರಳಿನದ್ದು. ಕ್ಯಾರೆಟ್ಟಿನ ಸೀಳಲ್ಲಿ ಎಲೆಯ ಚೂರು ಸಿಕ್ಕಿಸಿ, ಹೊಸ ಬ್ಲೇಡಿನಲ್ಲಿ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಬಿಸಿಲಿನ ಎಲೆ ಸಣ್ಣದು, ದಪ್ಪ, ಕಂಬಕೋಶ ಒತ್ತೊತ್ತು. ನೆರಳಿನದ್ದು ಅಗಲ, ತೆಳ್ಳಗೆ. ಬೆಟ್ಟ ಹತ್ತದೆಯೇ ಇಷ್ಟು ವ್ಯತ್ಯಾಸ! ನೀವು ಅಡಿಕೆಯ ನೆರಳಿನ ಎಲೆ ಹಿಡಿದು, ತಂಗಿ ಬಯಲಿನ ಎಲೆ ಹಿಡಿದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎಲೆಯ ಅಂಚಿನ ಸೀಳು ನೋಡಿ ಜಾತಿ ಹೇಳುವುದೂ ಬೇಡ. ಒಂದೇ ಮರದಲ್ಲಿ ಆಳ ಸೀಳಿನದ್ದೂ ಇರುತ್ತದೆ, ಕಡಿಮೆ ಸೀಳಿನದ್ದೂ ಇರುತ್ತದೆ.

ತಂಗಿಯ ಗಿಡದ ಬುಡದಲ್ಲಿ ಮಳೆಗಾಲದ ನೀರು ನಿಲ್ಲುತ್ತದಾ ಅಂತ ಕೇಳಿ. ನಿಂತರೆ ಕಣಿ ತೆಗೆದು ಬಿಡಬೇಕು. ಗಾಳಿಯ ಬದಿಗೆ ಒಂದು ಮರೆ ಮಾಡಲಿ, ಬಿಸಿಲಿಗೆ ಅಡ್ಡ ಬರುವ ಕೊಂಬೆ ಸವರಲಿ. ಬುಡಕ್ಕೆ ದಪ್ಪ ತರಗೆಲೆ ಹೊದಿಸಲಿ. ಪೆರ್ಲದಷ್ಟು ಕಾಯಿ ಬರಲಿಕ್ಕಿಲ್ಲ. ಪೋಡಿ (ಬಜ್ಜಿ) ಮಾಡುವಷ್ಟು ಬಂದರೂ ಸಂತೋಷವೇ.

ಮುಂದಿನ ಸಲ ತಂಗಿ ಬರುವಾಗ, ಬಿಸಿಲು ಬೀಳುವ ಕೊಂಬೆಯ ಬಲಿತ ಎಲೆ ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲಿ. ನಿಮ್ಮ ಮರದಿಂದಲೂ ಹಾಗೇ ನಾಲ್ಕು. ಬದಿಯಡ್ಕಕ್ಕೆ ಬನ್ನಿ, ಭಾವನನ್ನೂ ಕರ್ಕೊಂಡು ಬನ್ನಿ. ಒಟ್ಟಿಗೆ ಕೊಯ್ದು ನೋಡುವ.