ಎಕ್ಸ್ ಕಾರ್ಡನ್ನು ಎಷ್ಟು ಮಾನಾ ಸೇರುವವರೆಗೆ ಹಿಡಿದಿಟ್ಟುಕೊಳ್ಳಬೇಕು?

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡಾಟದಲ್ಲಿ ಎಕ್ಸ್ ಬೆಲೆಯ, ಅಂದರೆ ಎಷ್ಟು ಕೊಡುತ್ತೇನೆಂದು ಆಡುವವನೇ ಹೇಳುವ ಕಾರ್ಡು ಸಿಕ್ಕರೆ ಎಷ್ಟು ಮಾನಾ (ಲ್ಯಾಂಡ್ ಕಾರ್ಡುಗಳಿಂದ ಬರುವ, ಕಾರ್ಡು ಆಡಲು ಕೊಡುವ ಶಕ್ತಿ) ಆಗುವವರೆಗೆ ಕಾಯಬೇಕು ಅಂತ ಕೇಳಿದ್ದೀರಿ. ಕಾದು ಕಾದು ಕೆಟ್ಟವನು ನಾನು, ಹೇಳುತ್ತೇನೆ ಕೇಳಿ.

2011ರ ಸುಮಾರು, ಬೆಂಗಳೂರಿನ ಹಾಸ್ಟೆಲ್ ರೂಮು. ರೂಮ್‌ಮೇಟ್‌ನ ಅಣ್ಣ ಅಮೆರಿಕದಿಂದ ತಂದುಕೊಟ್ಟಿದ್ದ ಕಾರ್ಡುಗಳನ್ನು ಹಂಚಿಕೊಂಡು ಅವನು ನೀಲಿ ಬಣ್ಣದವು, ನಾನು ಕೆಂಪು ಬಣ್ಣದವು ಇಟ್ಟುಕೊಂಡೆವು. ಮೊದಲ ಏಳು ಕಾರ್ಡಿನಲ್ಲೇ ನನಗೆ ಫೈರ್‌ಬಾಲ್ ಬಂತು. 1993ರ ಮೊಟ್ಟಮೊದಲ ಸೆಟ್‌ನಿಂದಲೂ ಇರುವ ಕಾರ್ಡು ಅದು. ಬೆಲೆ ಎಕ್ಸ್ ಜೊತೆಗೆ ಒಂದು ಕೆಂಪು ಮಾನಾ, ಕೊಡುವ ಪೆಟ್ಟು ಎಕ್ಸ್. ಹೂವಿನವಳ ಹತ್ತಿರ ಎಷ್ಟು ಮೊಳ ಅಂತ ನೀವೇ ಹೇಳುತ್ತೀರಲ್ಲ, ಹಾಗೆ. ದಾರ ಕತ್ತರಿಸಿದ ಮೇಲೆ "ಇನ್ನರ್ಧ ಮೊಳ ಸೇರಿಸಮ್ಮ" ಅನ್ನುವಂತಿಲ್ಲ.

ಅವನು ಎರಡನೇ ಟರ್ನ್‌ನಲ್ಲಿ ಮರ್‌ಫೋಕ್ ಲೂಟರ್ ಇಳಿಸಿದ. ಒಂದಕ್ಕೆ ಒಂದರ ಬಡಕಲು ಜೀವ, ಹೊಡೆಯುವುದೂ ಒಂದು, ತಾಳುವುದೂ ಒಂದು. ಅದನ್ನು ಟ್ಯಾಪ್ ಮಾಡಿದರೆ, ಅಂದರೆ ಅಡ್ಡ ತಿರುಗಿಸಿ ಬಳಸಿದರೆ, ಒಂದು ಕಾರ್ಡು ಎಳೆದು ಒಂದನ್ನು ಎಸೆಯಬಹುದು, ಅಷ್ಟೆ. ನನ್ನ ಮುಂದೆ ಎರಡು ಲ್ಯಾಂಡ್ ಇದ್ದವು, ಅಂದರೆ ಎರಡು ಮಾನಾ. ಎಕ್ಸ್ ಒಂದು ಅಂದಿದ್ದರೆ ಅಲ್ಲೇ ಸುಟ್ಟುಹೋಗುತ್ತಿತ್ತು. ಇಂಥ ಹುಳುವಿಗೆ ಫೈರ್‌ಬಾಲ್ ಖರ್ಚು ಮಾಡುವುದೇ ಅಂತ ಬಿಟ್ಟೆ. ಆ ಹುಳು ಆಟ ಮುಗಿಯುವವರೆಗೆ ಕೂತು ಅವನಿಗೆ ಬೇಕಾದ ಕಾರ್ಡನ್ನೆಲ್ಲ ಹೆಕ್ಕಿಕೊಟ್ಟಿತು.

ಕೊನೆಗೆ ಬಂದದ್ದು ಇಲ್ಲಿಗೆ: ನನ್ನ ಲೈಫ್ 3, ಸೊನ್ನೆಯಾದರೆ ಸೋಲು. ಅವನ ಕಡೆ ಹಾರುವ ಏರ್ ಎಲಿಮೆಂಟಲ್, ನಾಲ್ಕಕ್ಕೆ ನಾಲ್ಕು. ಮುಂದಿನ ಟರ್ನ್‌ಗೆ ನನ್ನ ಕತೆ ಮುಗಿಯಿತು. ಅವನ ಲೈಫ್ 6. ನನ್ನ ಮುಂದೆ ಹತ್ತು ಲ್ಯಾಂಡ್. ಅವನ ಲ್ಯಾಂಡುಗಳಲ್ಲಿ ಟ್ಯಾಪ್ ಆಗದೆ ಉಳಿದದ್ದು ಎರಡೇ ಐಲ್ಯಾಂಡ್, ನೀಲಿ ಮಾನಾ ಕೊಡುವ ಲ್ಯಾಂಡ್.

ನಾನು ಹತ್ತನ್ನೂ ಒಂದೇ ಏಟಿಗೆ ತಿರುಗಿಸಿ ಫೈರ್‌ಬಾಲ್ ಬಿಸಾಕಿದೆ. "ಎಕ್ಸ್ ಎಷ್ಟು ಮಗಾ?" ಅಂದ. "ಒಂಬತ್ತು!" ಅಂದೆ, ಗೆದ್ದವನ ಗತ್ತಿನಲ್ಲಿ. ಅವನು ಎರಡು ಐಲ್ಯಾಂಡ್ ತಿರುಗಿಸಿ ಮೆಲ್ಲಗೆ ಒಂದು ಕಾರ್ಡು ಇಟ್ಟ. ಮಾನಾ ಲೀಕ್. ನಾನು ಇನ್ನೂ ಮೂರು ಮಾನಾ ಕೊಟ್ಟರೆ ಮಂತ್ರ ನಡೆಯುತ್ತದೆ, ಕೊಡದಿದ್ದರೆ ಇಲ್ಲ. "ಮೂರು ಇದೆಯಾ?" ಅಂತ ಕೇಳಿದ. ನನ್ನ ಹತ್ತಿರ ಸೊನ್ನೆ.

ಈಗ ಲೆಕ್ಕ ನೋಡಿ. ಅವನ ಲೈಫ್ ಆರು. ಎಕ್ಸ್ ಆರು ಸಾಕು. ಆರಕ್ಕೆ ಒಂದು ಸೇರಿದರೆ ಏಳು ಲ್ಯಾಂಡ್. ಹತ್ತರಲ್ಲಿ ಏಳು ಹೋದರೆ ಉಳಿಯುವುದು ಮೂರು, ಮಾನಾ ಲೀಕ್ ಕೇಳಿದ್ದೂ ಸರಿಯಾಗಿ ಮೂರು. ಒಂಬತ್ತರಿಂದ ಹೊಡೆದರೂ ಆರರಿಂದ ಹೊಡೆದರೂ ಸಾಯುವವನು ಒಂದೇ ಸಲ ಸಾಯುತ್ತಾನೆ. ಸತ್ತವನ ಮೇಲೆ ಇನ್ನೂ ಮೂರು ಸುರಿಯಲು ಹೋಗಿ ನಾನು ಸತ್ತೆ. ಅವನ ಕೈಯಲ್ಲಿ ಮೂರಕ್ಕೆ ಬಗ್ಗದ ಬೇರೆ ಕೌಂಟರ್ (ಮಂತ್ರ ತಡೆಯುವ ಕಾರ್ಡು) ಇದ್ದಿದ್ದರೆ ಹೇಗಿದ್ದರೂ ಸೋಲುತ್ತಿದ್ದೆ, ಅದು ಬೇರೆ ಮಾತು. ಇದ್ದದ್ದು ಮಾನಾ ಲೀಕ್. ಆ ರಾತ್ರಿ ಮಲಗಿಕೊಂಡು ಹತ್ತರಲ್ಲಿ ಏಳು ಕಳೆಯುತ್ತಲೇ ಇದ್ದೆ, ಪ್ರತಿ ಸಲವೂ ಮೂರೇ ಬರುತ್ತಿತ್ತು.

ಮೂಲ ತಪ್ಪು ಲ್ಯಾಂಡನ್ನು ಮೊದಲು ತಿರುಗಿಸಿದ್ದು. ನಿಯಮದ ಕ್ರಮ ಹೀಗಿದೆ: ಕಾರ್ಡು ಇಡಬೇಕು, ಎಕ್ಸ್ ಎಷ್ಟೆಂದು ಹೇಳಬೇಕು, ಗುರಿ ತೋರಿಸಬೇಕು, ಆಮೇಲೆ ಮಾನಾ ಕೊಡಬೇಕು. ಎದುರಾಳಿಯ ಉತ್ತರ ಇದೆಲ್ಲ ಮುಗಿದ ಮೇಲೆ, ಅಷ್ಟು ಹೊತ್ತಿಗೆ ಎಕ್ಸ್ ಬದಲಿಸಲು ಆಗುವುದಿಲ್ಲ. ಟೂರ್ನಮೆಂಟ್‌ಗಳಲ್ಲಂತೂ ಎಕ್ಸ್ ಹೇಳದೆ ಆಡಿದರೆ ಆ ಹೊತ್ತಿಗೆ ಪೂಲ್‌ನಲ್ಲಿರುವ, ಅಂದರೆ ಆಗಲೇ ತೆಗೆದಿಟ್ಟ ಮಾನಾ ಪೂರ್ತಿ ಎಕ್ಸ್‌ಗೇ ಹೋಯಿತು ಅಂತ ಹಿಡಿಯುತ್ತಾರೆ. ಕೈ ಲ್ಯಾಂಡಿನ ಮೇಲೆ ಹೋಗುವ ಮುಂಚೆ ಬಾಯಲ್ಲಿ ಸಂಖ್ಯೆ ಬರಲಿ.

ಹಾಗಾಗಿ "ಎಷ್ಟಾಗುವವರೆಗೆ ಕಾಯಬೇಕು" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಕ್ಸ್ ಕಾರ್ಡು ಉಳಿತಾಯ ಖಾತೆ ಅಲ್ಲ. ಎರಡು ಲ್ಯಾಂಡ್ ಇದ್ದಾಗ ಅದು ಎರಡು ಮಾನಾದ ಕಾರ್ಡು, ಏಳಿದ್ದಾಗ ಏಳರದ್ದು. ಯಾವ ಟರ್ನ್‌ನಲ್ಲೂ ಕೈಯಲ್ಲಿ ದಂಡವಾಗಿ ಕೂರಬೇಕಾಗಿಲ್ಲ ಅನ್ನುವುದೇ ಅದರ ಬೆಲೆ. ಈಗ ನಾನಾದರೆ ಆ ಲೂಟರ್ ಮೇಲೆ ಎರಡನೇ ಟರ್ನ್‌ನಲ್ಲೇ ಖರ್ಚು ಮಾಡುತ್ತೇನೆ, ಮರುಯೋಚನೆ ಇಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಎಲ್ಲರೂ ಎಡವುವ ಜಾಗ. ಮಂತ್ರ ಸ್ಟ್ಯಾಕ್ ಮೇಲಿದ್ದಾಗ, ಅಂದರೆ ಆಡಿಯಾಗಿ ಇನ್ನೂ ನಡೆಯದೆ ಕಾಯುವಾಗ ಮಾತ್ರ ಎಕ್ಸ್‌ಗೆ ನೀವು ಹೇಳಿದ ಬೆಲೆ. ಕೈಯಲ್ಲಿ, ಡೆಕ್‌ನಲ್ಲಿ, ಸ್ಮಶಾನದಲ್ಲಿ (ಮುಗಿದ ಕಾರ್ಡುಗಳ ರಾಶಿ), ಮೇಜಿನ ಮೇಲೆ ಇಳಿದ ನಂತರವೂ ಅದು ಸೊನ್ನೆ. ಆರಕ್ಕೆ ಹೊಡೆದ ಫೈರ್‌ಬಾಲ್ ಸ್ಟ್ಯಾಕ್ ಮೇಲೆ ಏಳರ ಕಾರ್ಡು, ಕೈಯಲ್ಲಿದ್ದಾಗ ಒಂದರದ್ದು. ಬೆಲೆ ಕೊಡದೆ ಪುಕ್ಕಟೆ ಆಡುವ ಅವಕಾಶ ಸಿಕ್ಕರೆ ಎಕ್ಸ್ ಸೊನ್ನೆ ಅಂತಲೇ ಹೇಳಬೇಕು. ಜೀವಗಳನ್ನು ಪುಕ್ಕಟೆ ಮೇಜಿಗೆ ಇಳಿಸುವ ಕಲೆಕ್ಟೆಡ್ ಕಂಪನಿ ಕಾರ್ಡಿನಿಂದ ವಾಕಿಂಗ್ ಬಲಿಸ್ಟಾ ಅನ್ನುವ ಎಕ್ಸ್ ಜೀವವನ್ನು ಹೊರಗೆ ತಂದು ಕುಣಿದವರನ್ನು ನೋಡಿದ್ದೇನೆ. ಎಕ್ಸ್ ಸೊನ್ನೆಯಾದ್ದರಿಂದ ಬಲ ಕೊಡುವ ಕೌಂಟರ್ ಗುರುತು ಒಂದೂ ಇಲ್ಲದೆ ಬಂದು, ಬಂದ ಹಾಗೇ ಸ್ಮಶಾನಕ್ಕೆ ಹೋಗುತ್ತದೆ. ಬಲಿಸ್ಟಾದ ಮೇಲೆ ಎರಡು ಎಕ್ಸ್ ಬರೆದಿರುತ್ತದೆ, ಅದನ್ನೂ ಗಮನಿಸಿ: ಆರು ಮಾನಾ ಕೊಟ್ಟರೆ ಎಕ್ಸ್ ಮೂರು, ಆರಲ್ಲ.

ನನ್ನ ಮಾತಿಗೆ ಹೊರತಾದ ಕಾರ್ಡೂ ಉಂಟು. 2019ರ ಹೈಡ್ರಾಯ್ಡ್ ಕ್ರೇಸಿಸ್ ದೊಡ್ಡ ಎಕ್ಸ್‌ಗೆ ಹೆದರಬೇಕಾಗಿಲ್ಲದ ಕಾರ್ಡು, ಯಾಕೆಂದರೆ ಕಾರ್ಡು ಮತ್ತು ಲೈಫ್ ಸಿಗುವುದು ಅದು ಮೇಜಿಗೆ ಇಳಿದಾಗ ಅಲ್ಲ, ಆಡಿದ ಕೂಡಲೇ. ಆ ಜೀವ ಇಳಿಯದಂತೆ ಎದುರಾಳಿ ತಡೆದರೂ ಆ ಭಾಗ ನಿಮಗೆ ಬಂದೇ ಬರುತ್ತದೆ. ಅಲ್ಲಿ ನೋಡಬೇಕಾದ್ದು ಸರಿ-ಬೆಸ. ಸಿಗುವುದು ಎಕ್ಸ್‌ನ ಅರ್ಧ, ಅದೂ ಕೆಳಕ್ಕೆ ಇಳಿಸಿ. ಬೆಲೆ ಎಕ್ಸ್ ಜೊತೆಗೆ ಎರಡು ಮಾನಾ, ಹಾಗಾಗಿ ಏಳು ಲ್ಯಾಂಡ್ ಇದ್ದು ಎಕ್ಸ್ ಐದು ಅಂದರೆ ಎರಡು ಕಾರ್ಡು, ನಾಲ್ಕು ಅಂದರೂ ಎರಡೇ ಕಾರ್ಡು. ನಾನಾದರೆ ನಾಲ್ಕು ಅಂದು ಒಂದು ಲ್ಯಾಂಡ್ ತಿರುಗಿಸದೆ ಬಿಡುತ್ತೇನೆ. ಮೈ ಒಂದು ಅಂಕಿ ಚಿಕ್ಕದಾಗುತ್ತದೆ, ಆಗಲಿ.