ಓದುಗರ ಪ್ರಶ್ನೆ: ರಸ್ತೆಗೆ ಜಾಗ ಹೋಗುವಾಗ ಆಕ್ಷೇಪ ಸಲ್ಲಿಸುವುದು ಹೇಗೆ?

ಪ್ರಶ್ನೆ: ನಮ್ಮ ಅಡಿಕೆ ತೋಟದ 18 ಸೆಂಟ್ಸ್ ರಸ್ತೆಗೆ ಹೋಗುತ್ತದೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ. ಪರಿಹಾರ ಸಾಲದೆಂದು ಈಗಲೇ ಆಕ್ಷೇಪ ಕೊಡಬಹುದೇ? ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರೆಯೇ?
— ಓದುಗರೊಬ್ಬರು, ಮಂಜೇಶ್ವರ ತಾಲೂಕು

ಉತ್ತರ: ಪ್ರಕಟಣೆಯಲ್ಲಿ ಯಾವ ಕಾಯ್ದೆಯ ಹೆಸರಿದೆ, ಅದನ್ನು ಮೊದಲು ನೋಡಿ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ಆದರೆ ಆಕ್ಷೇಪಕ್ಕೆ 60 ದಿನ ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಆದರೆ ಬರೀ 21 ದಿನ, ಅದೂ ಗಜೆಟ್‌ನಲ್ಲಿ ಪ್ರಕಟವಾದ ದಿನದಿಂದ. ಪತ್ರಿಕೆಯ ತಾರೀಕಿನಿಂದ ಲೆಕ್ಕ ಹಾಕಿ ಗಡುವು ತಪ್ಪಿಸಿಕೊಳ್ಳಬೇಡಿ.

ದರದ ಮಾತು ಈಗ ಬೇಡ. ಅದಕ್ಕೆ ಮುಂದೆ ಬೇರೆ ನೋಟಿಸು ಬರುತ್ತದೆ. ಈಗ ಹೇಳಬೇಕಾದದ್ದು ಈ ಜಾಗ ಏಕೆ ಬೇಡ, ಇಷ್ಟು ಏಕೆ ಬೇಡ, ಬದಲಿ ಎಲ್ಲಿದೆ ಎಂಬುದು. "ನಮಗೆ ತುಂಬಾ ಕಷ್ಟವಾಗುತ್ತದೆ" ಎಂದಷ್ಟೇ ಬರೆದ ಅರ್ಜಿಯನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕುವುದು ಸುಲಭ. ತೋಟಕ್ಕೆ ನೀರು ಸುರಂಗದಿಂದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಮಾರ್ಗ) ಬರುತ್ತಿದ್ದರೆ ಅದರ ಬಾಯಿ ಎಲ್ಲಿ, ಯಾವ ರೀಸರ್ವೆ ನಂಬರಿನ ಅಡಿಯಲ್ಲಿ ಎಷ್ಟು ದೂರ ಹೋಗಿದೆ ಎಂದು ನಕ್ಷೆ ಬರೆದು, ಫೋಟೋ ಸಹಿತ ಲಗತ್ತಿಸಿ. ನೆಲದಡಿಯ ಸುರಂಗ ಸರ್ವೆ ನಕ್ಷೆಯಲ್ಲಿ ಕಾಣದೇ ಹೋಗಬಹುದು. ಆ 18 ಸೆಂಟ್ಸ್ ಹೋದರೆ ಉಳಿದ ತೋಟವೂ ಒಣಗುತ್ತದೆ ಎಂಬುದು ಗಟ್ಟಿ ಆಕ್ಷೇಪ. ಪಕ್ಕದಲ್ಲಿ ಪೊರಂಬೋಕು (ಸರಕಾರಿ) ಜಾಗವಿದ್ದರೆ ಅದರ ನಂಬರನ್ನೂ ಬರೆಯಿರಿ.

ಜಾಗದ ಆಧಾರ ಪತ್ರ (ಒಡೆತನದ ದಾಖಲೆ) ಮತ್ತು ಭೂತೆರಿಗೆ ರಶೀದಿಯ ಪ್ರತಿ ಇರಲಿ, ಪಾಲುದಾರರೆಲ್ಲ ಸಹಿ ಹಾಕಲಿ. "ನನ್ನನ್ನು ಖುದ್ದಾಗಿ ವಿಚಾರಣೆಗೆ ಕರೆಯಬೇಕು" ಎಂಬ ಸಾಲನ್ನು ಸ್ಪಷ್ಟವಾಗಿ ಸೇರಿಸಿ. ವಕೀಲರನ್ನೂ ಕಳಿಸಬಹುದು. ಅರ್ಜಿಯನ್ನು ವಿಲೇಜ್ ಆಫೀಸಿನಲ್ಲಿ ಕೊಟ್ಟು ಸುಮ್ಮನಾಗಬೇಡಿ. ಪ್ರಕಟಣೆಯಲ್ಲಿ ಸೂಚಿಸಿದ ಅಧಿಕಾರಿಗೇ ತಲುಪಿಸಿ, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಿ.

ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ರಾಜ್ಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ನಾವು ಬಳಸದಿದ್ದರೆ ಕಚೇರಿಗಳೂ ಅದನ್ನು ಮರೆಯುತ್ತವೆ. ಹೆದ್ದಾರಿಯ ಕಡತವಾದರೆ ಜೊತೆಗೊಂದು ಇಂಗ್ಲಿಷ್ ಪ್ರತಿ ಇಡುವುದು ಒಳ್ಳೆಯದು.

ವಿಚಾರಣೆಯಲ್ಲಿ ಹೇಳಿದ್ದನ್ನು ಬರಹದಲ್ಲೂ ಕೊಟ್ಟು, ಆದೇಶದ ಪ್ರತಿ ಕೇಳಿ. ನೋಟಿಸು, ವಿಚಾರಣೆ, ಕಾರಣ ಸಹಿತ ತೀರ್ಮಾನ ಇವೆಲ್ಲ ಸಂವಿಧಾನದ 300ಎ ವಿಧಿಯ ಆಸ್ತಿ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದೆ. ನಿಮ್ಮನ್ನು ಕರೆಯದೆಯೇ ಅಂತಿಮ ಘೋಷಣೆ ಹೊರಟರೆ, ಪರಿಹಾರದ ಆದೇಶ ಬರುವವರೆಗೆ ಕಾಯದೆ ಎರ್ನಾಕುಳಂನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ. ಆ ಮೊಹರು ಬಿದ್ದ ಪ್ರತಿ ಅಲ್ಲಿ ಬೇಕಾಗುತ್ತದೆ.