ಸಂಪಾದಕರ ಉತ್ತರ: ಡೆಬ್ಯುಸಿ ನುಡಿಸಿದ್ದು ನಮ್ಮ ಮೋಹನವನ್ನೇ?

ಪ್ರಿಯ ಓದುಗರೇ,

ಫ್ರಾನ್ಸಿನ ಸಂಗೀತ ರಚನಕಾರ ಕ್ಲೋದ್ ಡೆಬ್ಯುಸಿಯ ‘ಪಗೋಡ್’ ಎಂಬ ಪುಟ್ಟ ಪಿಯಾನೊ ಕೃತಿ ಕೇಳಿದಾಗ ನಿಮಗೆ ಮೋಹನ ರಾಗ ಕೇಳಿಸಿತು ಎಂದು ಬರೆದಿದ್ದೀರಿ. ಅದನ್ನು ನಮ್ಮಿಂದ ತೆಗೆದುಕೊಂಡು ಎಲ್ಲೂ ಹೇಳದೆ ಸುಮ್ಮನಾದರೇ ಎಂಬುದು ನಿಮ್ಮ ಪ್ರಶ್ನೆ. ಮಗಳು ಮನೆಯ ಕೀಬೋರ್ಡಿನಲ್ಲಿ ಇದನ್ನು ಕಲಿಯಬಹುದೇ ಎಂದೂ ಕೇಳಿದ್ದೀರಿ.

ನಿಮಗೆ ಕೇಳಿಸಿದ್ದು ಸುಳ್ಳಲ್ಲ. ಪಿಯಾನೊದ ‘ಬಿ’ ಸ್ವರವನ್ನು ಷಡ್ಜ, ಅಂದರೆ ಸ, ಮಾಡಿಕೊಳ್ಳಿ. ಶುರುವಿನ ರಾಗದೆಳೆ ಓಡಾಡುವುದು ಸ ರಿ ಗ ಪ ದ ಎಂಬ ಐದೇ ಸ್ವರಗಳಲ್ಲಿ. ಸ ಒಂದು ಬಿಳಿ ಕೀ, ಉಳಿದ ನಾಲ್ಕೂ ಕಪ್ಪು. ಆದರೆ ಸ್ವರಗಳು ಸಿಕ್ಕಿದ ಮಾತ್ರಕ್ಕೆ ಮೋಹನವಾಗುವುದಿಲ್ಲ, ಅಲ್ವಾ? ಸ್ವರವನ್ನು ತೂಗಾಡಿಸುವ ಗಮಕವಿಲ್ಲ, ರಾಗದ್ದೇ ಆದ ನಡೆಯಾದ ಸಂಚಾರವಿಲ್ಲ. ಸ್ವಲ್ಪ ಹೊತ್ತಿಗೇ ಹೊರಗಿನ ಸ್ವರಗಳೂ ನುಸುಳುತ್ತವೆ.

ಡೆಬ್ಯುಸಿಗೆ ಇದು ಸಿಕ್ಕಿದ್ದು ಇಂಡೊನೇಷ್ಯಾದ ಜಾವಾ ದ್ವೀಪದಿಂದ. 1889ರಲ್ಲಿ ಪ್ಯಾರಿಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಐಫೆಲ್ ಗೋಪುರ ಎದ್ದು ನಿಂತದ್ದೂ ಅದಕ್ಕಾಗಿಯೇ. ಅಲ್ಲಿ ಜಾವಾದ ಹಳ್ಳಿಯೊಂದನ್ನು ಕಟ್ಟಿದ್ದರು. ಇನ್ನೂ ಮೂವತ್ತು ದಾಟದ ಡೆಬ್ಯುಸಿ ಗಮೆಲಾನ್, ಅಂದರೆ ಜಾವಾದ ಕಂಚಿನ ವಾದ್ಯಗಳ ಮೇಳ, ಕೇಳಿದ್ದು ಅಲ್ಲೇ. ‘ಪಗೋಡ್’ ಬರೆದದ್ದು 1903ರಲ್ಲಿ. ಅಷ್ಟು ವರ್ಷ ಆ ನಾದ ಅವರನ್ನು ಬಿಟ್ಟಿರಲಿಲ್ಲ.

ಗಮೆಲಾನಿನ ಸ್ಲೆಂಡ್ರೊ ಶ್ರುತಿಯಲ್ಲೂ ಐದು ಸ್ವರ. ಆದರೆ ಸ್ಥಾಯಿಯನ್ನು, ಅಂದರೆ ಒಂದು ಸದಿಂದ ಮೇಲಿನ ಸವರೆಗಿನ ಅಂತರವನ್ನು, ಹೆಚ್ಚುಕಡಿಮೆ ಸಮನಾಗಿ ಐದು ಪಾಲು ಮಾಡಿರುತ್ತಾರೆ. ಪಿಯಾನೊದಲ್ಲಿ ಅದು ಸಿಗುವುದೇ ಇಲ್ಲ. ಹಾಗಾಗಿ ಸ್ವರಕ್ಕಿಂತ ಜಾಸ್ತಿ ಅವರು ತಂದದ್ದು ಕಟ್ಟುವ ರೀತಿಯನ್ನು. ಗಮೆಲಾನಿನಲ್ಲಿ ದೊಡ್ಡ ಗಾಂಗ್ (ಜಾಗಟೆ) ಆವರ್ತನದ ಕೊನೆಗೆ ಬೀಳುತ್ತದೆ. ನಡುವಿನ ಕಂಚಿನ ಪಟ್ಟಿಗಳು ನಿಧಾನಕ್ಕೆ ರಾಗದೆಳೆ ನುಡಿಸುತ್ತವೆ. ಮೇಲಿನ ವಾದ್ಯಗಳು ಅದನ್ನೇ ಎರಡರಷ್ಟು, ನಾಲ್ಕರಷ್ಟು ವೇಗದಲ್ಲಿ ಹೆಣೆಯುತ್ತವೆ. ಈಗ ‘ಪಗೋಡ್’ ಇನ್ನೊಮ್ಮೆ ಕೇಳಿ. ಎಡಗೈಯ ಮಂದ್ರದಲ್ಲಿ ಗಾಂಗ್, ನಡುವೆ ನಿಧಾನದ ಎಳೆ, ತಾರಸ್ಥಾಯಿಯಲ್ಲಿ ಚಿಮ್ಮುವ ಸಣ್ಣ ಸ್ವರಗಳು. ಒಂದೇ ಜೋಡಿ ಕೈಗಳಲ್ಲಿ ಇಡೀ ಮೇಳ! ನನಗೆ ಈ ಕೃತಿಯಲ್ಲಿ ಅತಿ ದೊಡ್ಡದಾಗಿ ಕಾಣುವುದು ಇದೇ. ಜಾವಾದ ಧಾಟಿಯೊಂದನ್ನು ಎತ್ತಿಕೊಂಡು ಪಾಶ್ಚಾತ್ಯ ಬಟ್ಟೆ ತೊಡಿಸುವುದು ಸುಲಭವಿತ್ತು. ಅವರು ಆ ದಾರಿ ಹಿಡಿಯಲಿಲ್ಲ.

ಮುಚ್ಚಿಡಲೂ ಇಲ್ಲ. ಜಾವಾದ ಸಂಗೀತದ ಹೆಣಿಗೆಯ ಮುಂದೆ ಯುರೋಪ್ ತಲೆಬಾಗುವ, 16ನೇ ಶತಮಾನದ ಇಟಲಿಯ ಸಂಗೀತ ರಚನಕಾರ ಪ್ಯಾಲೆಸ್ಟ್ರೀನಾ ಕೂಡ ಮಕ್ಕಳಾಟ ಅನ್ನುವ ಅರ್ಥದ ಮಾತನ್ನು 1913ರಲ್ಲಿ ಬಹಿರಂಗವಾಗಿಯೇ ಬರೆದರು. ಆ ಕಾಲದ ಪ್ಯಾರಿಸಿನಲ್ಲಿ ಹೀಗೆ ಬರೆಯಲು ಗಟ್ಟಿ ಮನಸ್ಸು ಬೇಕಿತ್ತು.

ಇನ್ನು ಮಗಳ ವಿಷಯ. 61 ಕೀಗಳ ಕೀಬೋರ್ಡಾದರೆ ಆ ಆಳದ ಮಂದ್ರ ಸಿಗದು. ಕಾಲಲ್ಲಿ ಒತ್ತಿ ನಾದ ಉಳಿಸುವ ಪೆಡಲ್ ಇಲ್ಲದಿದ್ದರಂತೂ ಒಂದರ ಮೇಲೊಂದು ನಾದ ಕೂಡಿಕೊಳ್ಳುವುದೇ ಇಲ್ಲ. ಕೊನೆಯಲ್ಲಿ ಡೆಬ್ಯುಸಿ ‘ಮೊಳಗಲು ಬಿಡಿ’ ಎಂದೇ ಬರೆದಿದ್ದಾರೆ. ಸದ್ಯಕ್ಕೆ ನಡುವಿನ ನಿಧಾನದ ಎಳೆಯನ್ನಷ್ಟೇ ಕಲಿಯಲಿ. ಪೂರ್ತಿ ಕೃತಿಗೆ ಹತ್ತಿರದಲ್ಲಿ ನಿಜವಾದ ಪಿಯಾನೊ ಇರುವ ಗುರುಗಳನ್ನು ಹುಡುಕಿ.

— ಸಂ.